ಕ್ರೀಡಾಂಗಣದ ನೆಲೆಯೂ ಕಾಲ್ಚೆಂಡಾಟದ ಜನಸಂದಣಿಯೂ

೧. ಪೀಠಿಕೆ

ನಮ್ಮ ಊರುಗಳ ಜಾತ್ರೆಯನ್ನು ಬಲ್ಲವರಿಗೆಲ್ಲ ಒಂದು ಸಂಗತಿ ತಿಳಿದೇ ಇದೆ. ತೇರು ಎಳೆಯುವ ಹೊತ್ತು ಸ್ವಲ್ಪವೇ. ಆದರೆ ಜಾತ್ರೆಯು ಆ ಸ್ವಲ್ಪ ಹೊತ್ತಿನಲ್ಲಿ ಮುಗಿದು ಹೋಗುವಂಥದಲ್ಲ. ಮನೆಯಿಂದ ಹೊರಡುವ ಸಂಭ್ರಮ, ದಾರಿಯಲ್ಲಿ ಕೂಡುವ ಬಂಧುಬಳಗ, ಬೆಂಡು-ಬತ್ತಾಸಿನ ಅಂಗಡಿ, ಮಕ್ಕಳ ಕೈಯ ಪೀಪಿ, ಕತ್ತಲಾಗುವ ಮುನ್ನ ಮನೆ ಸೇರುವ ಆತುರ, ಇವೆಲ್ಲವೂ ಕೂಡಿದರೇನೇ ಜಾತ್ರೆ. ತೇರಿನ ಬೀದಿಯನ್ನು ಊರಿನಿಂದ ಮೂರು ಹರದಾರಿ ಆಚೆಗೆ ಒಯ್ದರೆ ತೇರೇನೋ ಅದೇ ಇದ್ದೀತು. ಜಾತ್ರೆ ಮಾತ್ರ ಅದೇ ಆಗಿರಲಾರದು.

ಕಾಲ್ಚೆಂಡಿನ ಪಂದ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆಟದ ಅವಧಿ ೯೦ ನಿಮಿಷಗಳು. ಆದರೆ ಪ್ರೇಕ್ಷಕನ ಪಾಲಿಗೆ ಪಂದ್ಯದ ದಿನವೆಂಬುದು ಮನೆಯ ಹೊಸ್ತಿಲು ದಾಟಿದಲ್ಲಿಂದ ಮೊದಲಾಗಿ ಮತ್ತೆ ಅದೇ ಹೊಸ್ತಿಲನ್ನು ತುಳಿಯುವವರೆಗೆ ಹಬ್ಬಿರುತ್ತದೆ. ಈ ದಿನದ ಸ್ವರೂಪವನ್ನು ನಿರ್ಧರಿಸುವ ಅಂಶಗಳಲ್ಲಿ ಆಟಗಾರರ ಕೌಶಲ, ಕಟ್ಟಡದ ಅಂದ, ಟಿಕೆಟ್ಟಿನ ಬೆಲೆ ಮುಂತಾದುವನ್ನು ಎಲ್ಲರೂ ಎಣಿಸುತ್ತಾರೆ. ಕ್ರೀಡಾಂಗಣವು ಎಲ್ಲಿದೆ ಎಂಬ ಸರಳವಾದ ಪ್ರಶ್ನೆಯನ್ನು ಕೇಳುವವರು ಕಡಮೆ. ಕೇಳಿದವರೂ "ಹತ್ತಿರವಿದ್ದರೆ ಜನ ಹೆಚ್ಚು, ದೂರವಿದ್ದರೆ ಕಡಮೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ವಿಷಯವು ಅಷ್ಟು ಸುಲಭವಾದುದಲ್ಲ. ದೂರವನ್ನು ಮೈಲಿಗಳಲ್ಲಿ ಅಳೆಯುವುದಕ್ಕಿಂತ ದಾರಿಯಲ್ಲಿ ಅಳೆಯುವುದು ಮುಖ್ಯವೆಂಬುದನ್ನೂ, ನೆರೆದ ಜನರ ಸಂಖ್ಯೆ ಬೇರೆ, ಆ ಜನರು ಪಡೆದ ಅನುಭವ ಬೇರೆ ಎಂಬುದನ್ನೂ ಕೆಲವು ನಿಜವಾದ ನಿದರ್ಶನಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಆಟವು ಸಂಘಟಿತ ರೂಪವನ್ನು ಪಡೆದದ್ದು ಬ್ರಿಟನ್ನಿನಲ್ಲಿ. ಆದುದರಿಂದ ಹೆಚ್ಚಿನ ಉದಾಹರಣೆಗಳು ಆ ನಾಡಿನವು. ಕೊನೆಯಲ್ಲಿ ನಮ್ಮ ದೇಶದ ಎರಡು ನಗರಗಳನ್ನೂ ನೋಡಬಹುದು.

೨. ಕಾರ್ಖಾನೆಯ ನೆರಳಿನಲ್ಲಿ ಹುಟ್ಟಿದ ಆಟದ ಬಯಲು

ಇಂಗ್ಲೆಂಡಿನ ಹಳೆಯ ಕಾಲ್ಚೆಂಡಿನ ಬಯಲುಗಳು ಅಲ್ಲಲ್ಲಿ ಹುಟ್ಟಿಕೊಂಡುದು ಆಕಸ್ಮಿಕವಲ್ಲ. ೧೮೫೦ರ ಕಾರ್ಖಾನೆ ಕಾಯಿದೆಯು ಬಟ್ಟೆ ಗಿರಣಿಗಳ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಿಲ್ಲಿಸುವಂತೆ ವಿಧಿಸಿತು. ಮುಂದೆ ಈ ಅರ್ಧ ದಿನದ ಬಿಡುವು ಇತರ ಕೆಲಸಗಾರರಿಗೂ ಕ್ರಮೇಣ ದೊರೆಯಿತು. ದುಡಿಮೆ ಮುಗಿಸಿದ ಕಾರ್ಮಿಕನು ಮೂರು ಗಂಟೆಯ ಹೊತ್ತಿಗೆ ಬಯಲನ್ನು ತಲುಪಬೇಕಾದರೆ ಅದು ಅವನ ಕಾಲ್ನಡಿಗೆಯ ಅಳವಿನಲ್ಲಿ, ಇಲ್ಲವೇ ಒಂದು ಟ್ರಾಮಿನ ಪ್ರಯಾಣದಷ್ಟು ದೂರದಲ್ಲಿ ಇರಬೇಕಾಗಿತ್ತು. ಹೀಗಾಗಿ ಗಿರಣಿ, ಹಡಗುಕಟ್ಟೆ, ರೈಲ್ವೆ ಅಂಗಳಗಳ ಬದಿಯಲ್ಲಿ, ಸಾಲುಮನೆಗಳ ಓಣಿಗಳ ನಡುವೆ ಕ್ರೀಡಾಂಗಣಗಳು ಎದ್ದವು. ಮನೆಗಳ ಹಿತ್ತಲಿಗೆ ಗ್ಯಾಲರಿಯ ಗೋಡೆಯೇ ಎಲ್ಲೆಯಾಗಿರುವುದನ್ನು ಅಲ್ಲಿ ಕಾಣಬಹುದಾಗಿತ್ತು.

ಈ ನೆರೆತನದಿಂದ ಎರಡು ಪರಿಣಾಮಗಳುಂಟಾದವು. ಮೊದಲನೆಯದು, ತಂಡಕ್ಕೂ ಬಡಾವಣೆಗೂ ಒಂದು ಬಗೆಯ ರಕ್ತಸಂಬಂಧವೇ ಬೆಳೆಯಿತು. ಎರಡನೆಯದು, ಆಟವನ್ನು ನೋಡದ ನೆರೆಯವರಿಗೆ ಅದು ಕಿರುಕುಳವೂ ಆಯಿತು. ಕೂಗಾಟ, ಬಾಗಿಲ ಮುಂದೆ ನಿಲ್ಲಿಸಿದ ವಾಹನಗಳು, ಬೀದಿಯಲ್ಲಿ ಬಿದ್ದ ಕಸ, ಇವನ್ನು ಸಹಿಸಬೇಕಾದವರು ಟಿಕೆಟ್ಟು ಕೊಂಡವರಲ್ಲ, ಅಲ್ಲಿ ವಾಸವಾಗಿರುವವರು. ಜಾನ್ ಬೇಲ್ ಎಂಬ ಆಂಗ್ಲ ಭೂಗೋಳಶಾಸ್ತ್ರಜ್ಞರು ಕ್ರೀಡಾಂಗಣಗಳ ಸುತ್ತಣ ಈ ತೊಂದರೆಗಳನ್ನೂ, ಅದೇ ಕ್ರೀಡಾಂಗಣಗಳ ಮೇಲೆ ಜನರಿಟ್ಟಿರುವ ಮಮತೆಯನ್ನೂ ಜೊತೆಜೊತೆಯಾಗಿ ಅಧ್ಯಯನ ಮಾಡಿದ್ದಾರೆ. ಒಂದೇ ಸ್ಥಳವು ಒಬ್ಬನಿಗೆ ಪ್ರೀತಿಯ ನೆಲೆ, ಇನ್ನೊಬ್ಬನಿಗೆ ನೆಮ್ಮದಿಯ ಭಂಗ. ನೆಲೆಯ ಪ್ರಶ್ನೆಯನ್ನು ವಿಚಾರಿಸುವಾಗ ಈ ಎರಡನ್ನೂ ಮರೆಯಲಾಗದು.

೩. ನದಿಯನ್ನು ದಾಟಿದ ತಂಡ

ಸ್ಥಳ ಬದಲಾವಣೆಯಿಂದ ಭಾಗ್ಯವೇ ಬದಲಾದುದಕ್ಕೆ ಆರ್ಸೆನಲ್ ತಂಡವು ಸುಪ್ರಸಿದ್ಧವಾದ ನಿದರ್ಶನ. ಲಂಡನ್ನಿನ ಆಗ್ನೇಯ ಭಾಗದ ವುಲಿಚ್‌ನಲ್ಲಿದ್ದ ಸರ್ಕಾರಿ ಶಸ್ತ್ರಾಗಾರದ ಕೆಲಸಗಾರರು ೧೮೮೬ರಲ್ಲಿ ಈ ತಂಡವನ್ನು ಕಟ್ಟಿದರು. ಪ್ಲಮ್‌ಸ್ಟೆಡ್‌ನಲ್ಲಿದ್ದ ಅದರ ಬಯಲು ಶಸ್ತ್ರಾಗಾರದವರಿಗೇನೋ ಹತ್ತಿರವೇ. ಆದರೆ ಮಹಾನಗರದ ಉಳಿದ ಭಾಗಗಳಿಂದ ಅಲ್ಲಿಗೆ ಹೋಗುವುದು ತ್ರಾಸದಾಯಕವಾಗಿತ್ತು. ಪ್ರೇಕ್ಷಕರು ಕಡಮೆಯಾದರು, ಹಣ ಸಾಲದಾಯಿತು, ೧೯೧೩ರಲ್ಲಿ ತಂಡವು ಪಟ್ಟಿಯ ಕೊನೆಗಿಳಿದು ಎರಡನೆಯ ವಿಭಾಗಕ್ಕೆ ಜಾರಿತು. ಆಗ ಅಧ್ಯಕ್ಷರಾಗಿದ್ದ ಹೆನ್ರಿ ನಾರಿಸ್ ಅವರು ತಂಡವನ್ನೇ ಥೇಮ್ಸ್ ನದಿಯ ಉತ್ತರಕ್ಕೆ, ಹೈಬರಿ ಎಂಬಲ್ಲಿಗೆ ಸಾಗಿಸಿದರು. ಒಂದು ಧರ್ಮಶಾಸ್ತ್ರದ ಕಾಲೇಜಿನ ಆಟದ ಬಯಲನ್ನು ಗುತ್ತಿಗೆಗೆ ಪಡೆದುದು ಇಲ್ಲಿ ಗಮನಾರ್ಹ. ಗುಡ್ ಫ್ರೈಡೇ ಮತ್ತು ಕ್ರಿಸ್‌ಮಸ್ ದಿನಗಳಂದು ಅಲ್ಲಿ ಪಂದ್ಯ ನಡೆಸಬಾರದೆಂಬ ನಿಬಂಧನೆಯೂ ಒಪ್ಪಂದದಲ್ಲಿತ್ತು.

ಹೈಬರಿಯನ್ನೇ ಆರಿಸಲು ಮುಖ್ಯ ಕಾರಣ ಅಲ್ಲಿದ್ದ ಸುರಂಗ ರೈಲಿನ ನಿಲ್ದಾಣ. ೧೯೦೬ರಲ್ಲಿ ತೆರೆದಿದ್ದ ಗಿಲೆಸ್ಪಿ ರೋಡ್ ನಿಲ್ದಾಣವು ಬಯಲಿನ ಮಗ್ಗುಲಲ್ಲೇ ಇತ್ತು. ಸುತ್ತಲಿನ ನಿವಾಸಿಗಳು ಪ್ರತಿಭಟಿಸಿದರು. ನೆರೆಯ ತಂಡಗಳು ತಮ್ಮ ಪ್ರೇಕ್ಷಕರು ಕೈತಪ್ಪುವರೆಂದು ತಕರಾರೆತ್ತಿದವು. ಆದರೂ ೧೯೧೩ರ ಸೆಪ್ಟೆಂಬರ್ ೬ರಂದು ಮೊದಲ ಪಂದ್ಯ ನಡೆದೇ ಹೋಯಿತು. ಕಟ್ಟಡದ ಕೆಲಸ ಆಗಿನ್ನೂ ಪೂರ್ತಿಯಾಗಿರಲಿಲ್ಲ. ಅಂದು ಗಾಯಗೊಂಡ ಆಟಗಾರನೊಬ್ಬನನ್ನು ಹಾಲಿನ ಗಾಡಿಯಲ್ಲಿ ಸಾಗಿಸಬೇಕಾಯಿತೆಂದು ತಂಡದ ಚರಿತ್ರೆಯಲ್ಲಿ ಹೇಳುತ್ತಾರೆ. ಜನ ಮಾತ್ರ ಬಂದರು, ಬರುತ್ತಲೇ ಹೋದರು. ವ್ಯವಸ್ಥಾಪಕರಾದ ಹರ್ಬರ್ಟ್ ಚಾಪ್‌ಮನ್ ಅವರ ಕಾಲದಲ್ಲಿ, ೧೯೩೨ರಲ್ಲಿ, ಆ ನಿಲ್ದಾಣಕ್ಕೆ ತಂಡದ ಹೆಸರನ್ನೇ ಇಡಲಾಯಿತು. ೧೯೩೫ರ ಮಾರ್ಚ್ ೯ರಂದು ಸಂಡರ್‌ಲೆಂಡ್ ತಂಡದೆದುರಿನ ಪಂದ್ಯಕ್ಕೆ ೭೩,೨೯೫ ಮಂದಿ ನೆರೆದುದು ಹೈಬರಿಯ ದಾಖಲೆಯಾಗಿ ಉಳಿಯಿತು.

ಇದರಿಂದ ತಿಳಿಯುವುದೇನು? ಪ್ಲಮ್‌ಸ್ಟೆಡ್ಡೂ ಲಂಡನ್ನೇ, ಹೈಬರಿಯೂ ಲಂಡನ್ನೇ. ಎರಡಕ್ಕೂ ಇದ್ದ ಅಂತರ ಮೈಲಿಗಳದ್ದಕ್ಕಿಂತ ದಾರಿಯದ್ದು. ರೈಲಿನ ನಿಲ್ದಾಣವೊಂದು ಬಯಲಿನ ಬಾಗಿಲಿಗೆ ಬಂದು ನಿಂತಾಗ ದೂರದ ಬಡಾವಣೆಗಳೂ ನೆರೆಮನೆಗಳಾದವು.

ಇದೇ ತಂಡದ ಮುಂದಿನ ಚರಿತ್ರೆ ಇನ್ನೊಂದು ಪಾಠವನ್ನು ಹೇಳುತ್ತದೆ. ೧೯೯೦ರ ದಶಕದ ಕೊನೆಗೆ ಹೈಬರಿಯಲ್ಲಿ ಸುಮಾರು ೩೮,೦೦೦ ಜನರಿಗಷ್ಟೇ ಸ್ಥಳವಿತ್ತು. ಆದುದರಿಂದ ೧೯೯೮ ಮತ್ತು ೧೯೯೯ರಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯಗಳನ್ನು ನಗರದ ವಾಯವ್ಯ ಮೂಲೆಯ ವೆಂಬ್ಲಿ ಕ್ರೀಡಾಂಗಣದಲ್ಲಿ ಆಡಿದರು. ಜನಕ್ಕೆ ಕೊರತೆಯಾಗಲಿಲ್ಲ, ಫ್ರಾನ್ಸಿನ ಲಾನ್ಸ್ ತಂಡದೆದುರಿನ ಪಂದ್ಯವನ್ನು ೭೩,೭೦೭ ಮಂದಿ ನೋಡಿದರು. ಆದರೆ ಅಲ್ಲಿ ಆಡಿದ ಆರು ಪಂದ್ಯಗಳಲ್ಲಿ ಗೆದ್ದುದು ಎರಡನ್ನು ಮಾತ್ರ. ಸೋಲಿಗೆ ಸ್ಥಳವೊಂದೇ ಕಾರಣವೆಂದು ಹೇಳುವುದು ಸರಿಯಾಗದು. ಎದುರಾಳಿಗಳೂ ಬಲಿಷ್ಠರೇ ಆಗಿದ್ದರು. ಆದರೂ ಆಡಳಿತದವರು ಕೊನೆಗೆ ವೆಂಬ್ಲಿಯನ್ನು ಆರಿಸಲಿಲ್ಲ. ಹೈಬರಿಯಿಂದ ಕೂಗಳತೆಯ ದೂರದಲ್ಲಿ ಬಹಳ ಹಣ ತೆತ್ತು ಜಾಗ ಪಡೆದು ೨೦೦೬ರಲ್ಲಿ ೬೦,೦೦೦ ಆಸನಗಳ ಹೊಸ ಕ್ರೀಡಾಂಗಣವನ್ನು ತೆರೆದರು. ಹಳೆಯ ರೈಲು ನಿಲ್ದಾಣ, ಹಳೆಯ ಓಣಿಗಳು, ಹಳೆಯ ತಿಂಡಿಯಂಗಡಿಗಳು ಪ್ರೇಕ್ಷಕರಿಗೆ ಹಾಗೆಯೇ ಉಳಿದವು. ಕಟ್ಟಡ ಬದಲಾಯಿತು, ದಾರಿ ಬದಲಾಗಲಿಲ್ಲ.

೪. ಊರ ಹೊರಗಿನ ಕ್ರೀಡಾಂಗಣಗಳು

೧೯೮೯ರ ಏಪ್ರಿಲಿನಲ್ಲಿ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಡೆದ ಭೀಕರ ನೂಕುನುಗ್ಗಲಿನ ದುರಂತದಲ್ಲಿ ೯೭ ಮಂದಿ ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಟೇಲರ್ ಅವರು ೧೯೯೦ರ ಜನವರಿಯಲ್ಲಿ ಸಲ್ಲಿಸಿದ ಅಂತಿಮ ವರದಿಯ ಫಲವಾಗಿ ಮೇಲಿನ ವಿಭಾಗಗಳ ಕ್ರೀಡಾಂಗಣಗಳಲ್ಲಿ ನಿಂತು ನೋಡುವ ಗ್ಯಾಲರಿಗಳು ಹೋಗಿ ಎಲ್ಲರಿಗೂ ಆಸನಗಳು ಬಂದವು. ಆಸನಗಳಿಟ್ಟರೆ ಹಿಡಿಯುವ ಜನರ ಸಂಖ್ಯೆ ಇಳಿಯುತ್ತದೆ. ಓಣಿಗಳ ನಡುವೆ ಸಿಕ್ಕಿಕೊಂಡ ಹಳೆಯ ಬಯಲುಗಳಿಗೆ ಬೆಳೆಯಲು ಸ್ಥಳವಿರಲಿಲ್ಲ. ಹೀಗಾಗಿ ಅನೇಕ ತಂಡಗಳು ಊರ ಹೊರಗೆ, ಹೆದ್ದಾರಿಯ ಬದಿಗೆ ಹೊರಟವು.

ಬೋಲ್ಟನ್ ತಂಡವು ಇವುಗಳಲ್ಲೊಂದು. ೧೮೯೫ರಿಂದಲೂ ಬರ್ನ್‌ಡನ್ ಪಾರ್ಕ್‌ನಲ್ಲಿ ಆಡುತ್ತಿದ್ದ ಈ ತಂಡವು ೧೯೯೭ರಲ್ಲಿ ಪಟ್ಟಣದ ಆಚೆ, ಹಾರ್ವಿಚ್‌ನ ಬಳಿ, ಹೆದ್ದಾರಿಗೆ ಸಮೀಪವಾಗಿ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಸುಂದರವಾದ ಕಟ್ಟಡ, ವಿಶಾಲವಾದ ಅಂಗಳ. ಆದರೆ ಅದರ ಬದಿಯ ರೈಲು ನಿಲ್ದಾಣವು ತೆರೆದುದು ೧೯೯೯ರಲ್ಲಿ, ಅಂದರೆ ಎರಡು ವರ್ಷಗಳ ಅನಂತರ. ಮೋಟಾರು ಉಳ್ಳವನಿಗೆ ಹೊಸ ನೆಲೆ ಅನುಕೂಲ; ಹಿಂದೆ ನಡೆದೇ ಹೋಗುತ್ತಿದ್ದ ಮುದುಕನಿಗೂ ಶಾಲೆಯ ಹುಡುಗನಿಗೂ ಅದೇ ನೆಲೆ ತೊಡಕು. ನೆಲೆಯು ಎಷ್ಟು ಜನ ಬರುವರೆಂಬುದನ್ನು ಮಾತ್ರವಲ್ಲ, ಯಾರು ಬರಬಲ್ಲರೆಂಬುದನ್ನೂ ನಿರ್ಧರಿಸುತ್ತದೆ.

ಹಾಗೆಂದು ಊರ ಹೊರಗಿನ ನೆಲೆಯೆಲ್ಲವೂ ಕೆಟ್ಟದೆಂದು ತೀರ್ಮಾನಿಸಬಾರದು. ಜರ್ಮನಿಯ ಮ್ಯೂನಿಕ್ ನಗರದ ಬಯರ್ನ್ ತಂಡವು ೨೦೦೫ರಲ್ಲಿ ನಗರದ ಉತ್ತರದ ಅಂಚಿನ ಫ್ರೋಟ್‌ಮಾನಿಂಗ್‌ಗೆ ಹೋಯಿತು. ಅಲ್ಲಿಗೆ ನಗರದ ನಡುವಿನಿಂದ ನೇರವಾದ ಸುರಂಗ ರೈಲಿನ ಮಾರ್ಗವಿದೆ. ೭೫,೦೦೦ ಜನರು ಹಿಡಿಯುವ ಆ ಕ್ರೀಡಾಂಗಣವು ತುಂಬಿಯೇ ಇರುತ್ತದೆ. ಇಟಲಿಯ ಟ್ಯೂರಿನ್ ನಗರದ ಉದಾಹರಣೆ ಇನ್ನೂ ಬೋಧಪ್ರದವಾದುದು. ೧೯೯೦ರಲ್ಲಿ ನಗರದ ಅಂಚಿನಲ್ಲಿ ಕಟ್ಟಿದ ಡೆಲ್ಲೆ ಆಲ್ಪಿ ಕ್ರೀಡಾಂಗಣದಲ್ಲಿ ಸುಮಾರು ೭೦,೦೦೦ ಜನರಿಗೆ ಸ್ಥಳವಿತ್ತು. ಆದರೆ ಬಯಲಿನ ಸುತ್ತ ಓಟದ ಪಥವಿದ್ದುದರಿಂದ ಆಟವು ಕಣ್ಣಿಗೆ ದೂರವಾಗಿ, ಯೂವೆಂಟಸ್‌ನಂಥ ಪ್ರಸಿದ್ಧ ತಂಡದ ಪಂದ್ಯಗಳಲ್ಲೂ ಆಸನಗಳು ಖಾಲಿ ಬೀಳುತ್ತಿದ್ದವು. ಅದನ್ನು ಕೆಡವಿ ಅದೇ ಜಾಗದಲ್ಲಿ ೨೦೧೧ರಲ್ಲಿ ೪೧,೦೦೦ ಆಸನಗಳ, ಬಯಲಿಗೆ ಅಂಟಿಕೊಂಡ ಗ್ಯಾಲರಿಗಳ ಹೊಸ ಕಟ್ಟಡವನ್ನು ಎಬ್ಬಿಸಿದಾಗ ಕ್ರೀಡಾಂಗಣಕ್ಕೆ ಕಳೆ ಬಂದಿತು. ನೆಲೆ ಅದೇ, ಆದರೆ ಆಟವು ಕಣ್ಣಿಗೆ ಹತ್ತಿರವಾಯಿತು. ನೆಲೆಯೊಂದೇ ಎಲ್ಲವೂ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

೫. ಸಂಖ್ಯೆ ಏರಿತು, ದಿನ ಬದಲಾಯಿತು

ಜನರ ಸಂಖ್ಯೆಗೂ ಜನರ ಅನುಭವಕ್ಕೂ ಇರುವ ಅಂತರವನ್ನು ವೆಸ್ಟ್ ಹ್ಯಾಮ್ ತಂಡದ ಕಥೆ ಸ್ಪಷ್ಟಪಡಿಸುತ್ತದೆ. ಪೂರ್ವ ಲಂಡನ್ನಿನ ಹಡಗು ಕಟ್ಟುವ ಕಾರ್ಖಾನೆಯೊಂದರ ಕೆಲಸಗಾರರಿಂದ ಹುಟ್ಟಿದ ಈ ತಂಡವು ೧೯೦೪ರಿಂದ ೨೦೧೬ರವರೆಗೆ ಅಪ್ಟನ್ ಪಾರ್ಕ್‌ನಲ್ಲಿ ಆಡಿತು. ರೈಲಿನಿಂದಿಳಿದವರು ಗ್ರೀನ್ ಸ್ಟ್ರೀಟ್ ಎಂಬ ಬೀದಿಯಲ್ಲಿ ನಡೆಯುತ್ತ, ಮಾರುಕಟ್ಟೆಯನ್ನು ದಾಟಿ, ಪೈ ಎಂಬ ಕಡುಬಿನ ಅಂಗಡಿಯಲ್ಲೋ ಮೂಲೆಯ ಪಾನಗೃಹದಲ್ಲೋ ಗೆಳೆಯರನ್ನು ಕೂಡಿಕೊಂಡು, ಕ್ರೀಡಾಂಗಣವನ್ನು ಹೊಗುತ್ತಿದ್ದರು. ತಂದೆಯು ಕುಳಿತ ಜಾಗದ ಬಳಿಯೇ ಮಗ, ಮಗನ ಬಳಿಯೇ ಮೊಮ್ಮಗ. ಮೊದಲ ಸಾಲಿನವನಿಗೂ ಬಯಲಿನ ಗೆರೆಗೂ ಕೆಲವೇ ಹೆಜ್ಜೆಗಳ ಅಂತರ.

೨೦೧೬ರ ಮೇ ೧೦ರಂದು ಅಲ್ಲಿ ಕೊನೆಯ ಪಂದ್ಯವಾಯಿತು. ತಂಡವು ನಾಲ್ಕೈದು ಕಿಲೋಮೀಟರ್ ದೂರದ ಸ್ಟ್ರಾಟ್‌ಫರ್ಡ್‌ನಲ್ಲಿ ೨೦೧೨ರ ಒಲಿಂಪಿಕ್ಸ್‌ಗಾಗಿ ಕಟ್ಟಿದ್ದ ಕ್ರೀಡಾಂಗಣಕ್ಕೆ ಹೋಯಿತು. ಲೆಕ್ಕದ ದೃಷ್ಟಿಯಿಂದ ಇದು ದೊಡ್ಡ ಯಶಸ್ಸು. ಹಿಂದೆ ಸರಾಸರಿ ೩೫,೦೦೦ದಷ್ಟಿದ್ದ ಪ್ರೇಕ್ಷಕರು ಹೊಸ ನೆಲೆಯ ಮೊದಲ ವರ್ಷದಲ್ಲೇ ೫೬,೦೦೦ವನ್ನು ಮೀರಿದರು. ಸ್ಟ್ರಾಟ್‌ಫರ್ಡ್ ಹಲವು ರೈಲು ಮಾರ್ಗಗಳು ಕೂಡುವ ದೊಡ್ಡ ನಿಲ್ದಾಣ. ಬಂದು ಹೋಗಲು ಅನುಕೂಲ ಹೆಚ್ಚು. ಟಿಕೆಟ್ಟು ಸಿಗದೆ ನಿರಾಶರಾಗುತ್ತಿದ್ದವರಿಗೂ ಅವಕಾಶ ದೊರೆಯಿತು. ಇಷ್ಟನ್ನೂ ಒಪ್ಪಿಕೊಳ್ಳಬೇಕು.

ಆದರೆ ಹೊಸ ದಾರಿ ಹಾದುಹೋದುದು ಭಾರಿ ವ್ಯಾಪಾರ ಸಂಕೀರ್ಣದ ಮಗ್ಗುಲಿನಿಂದ, ಅಗಲವಾದ ಕಾಂಕ್ರೀಟು ಅಂಗಳಗಳ ಮೂಲಕ, ಕಾವಲುಗಾರರು ತೋರಿಸಿದ ಸರತಿಯಲ್ಲಿ. ಓಟದ ಸ್ಪರ್ಧೆಗಳಿಗಾಗಿ ರೂಪಿಸಿದ ಕಟ್ಟಡವಾದುದರಿಂದ ಗೋಲುಕಂಬದ ಹಿಂದಣ ಪ್ರೇಕ್ಷಕನಿಗೆ ಆಟವು ದೂರವಾಯಿತು. ಬೇರೆ ಬೇರೆ ಮೂಲೆಗಳಿಗೆ ಚದುರಿದ ಹಳಬರು ಹೊಸಬರ ನಡುವೆ ಅಪರಿಚಿತರಾದರು. ಈ ಅಸಮಾಧಾನವು ೨೦೧೮ರ ಮಾರ್ಚ್ ೧೦ರಂದು ಬರ್ನ್‌ಲಿ ತಂಡದೆದುರಿನ ಪಂದ್ಯದಲ್ಲಿ ಸ್ಫೋಟಗೊಂಡು, ಕೆಲವರು ಬಯಲಿಗೇ ನುಗ್ಗಿದರು. ಸೋಲಿನ ಕೋಪ, ಆಡಳಿತದ ಮೇಲಿನ ಕೋಪ, ಕಳೆದುಕೊಂಡ ನೆಲೆಯ ದುಃಖ, ಮೂರೂ ಅಂದು ಒಂದಾಗಿದ್ದವು. ಇತ್ತ ಗ್ರೀನ್ ಸ್ಟ್ರೀಟಿನ ಅಂಗಡಿಕಾರರು ಪಂದ್ಯದ ದಿನಗಳ ವ್ಯಾಪಾರವನ್ನು ಕಳೆದುಕೊಂಡರು. ಹಳೆಯ ಕ್ರೀಡಾಂಗಣವು ನೆಲಸಮವಾಗಿ ಅಲ್ಲಿ ವಸತಿಗಳೆದ್ದವು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಕಾಲ ಕಳೆದಂತೆ ಹೊಸ ನೆಲೆಗೂ ನೆನಪುಗಳು ಅಂಟುತ್ತವೆ. ಸ್ಟ್ರಾಟ್‌ಫರ್ಡ್‌ನಲ್ಲಿ ಮಾತ್ರ ಆಟ ಕಂಡ ಬಾಲಕನಿಗೆ ಅದೇ ತವರು. ೨೦೨೩ರಲ್ಲಿ ತಂಡವು ಯೂರೋಪಿನ ಕಾನ್ಫರೆನ್ಸ್ ಲೀಗನ್ನು ಗೆದ್ದಾಗ ಅದರ ಹಾದಿಯ ಪಂದ್ಯಗಳು ಆ ಕ್ರೀಡಾಂಗಣಕ್ಕೂ ಒಂದು ಚರಿತ್ರೆಯನ್ನು ಕೊಟ್ಟವು. ನೆನಪು ಬೆಳೆಯುವುದಕ್ಕೆ ಕಾಲ ಬೇಕು. ಕಾಲವನ್ನು ಹಣದಿಂದ ಕೊಳ್ಳಲಾಗದು.

೬. ಎಲ್ಲಿಗೆ ಹೋಗಬಾರದೆಂದು ಜನರೇ ಹೇಳಿದ ಪ್ರಸಂಗ

ಲಿವರ್‌ಪೂಲ್ ನಗರದ ಎವರ್ಟನ್ ತಂಡದ ಅನುಭವವು ಇದಕ್ಕೆ ಪೂರಕವಾದುದು. ಬಾಡಿಗೆಯ ವಿವಾದದಿಂದ ಆನ್‌ಫೀಲ್ಡನ್ನು ಬಿಟ್ಟು ಬಂದ ಈ ತಂಡವು ೧೮೯೨ರಲ್ಲಿ ಗುಡಿಸನ್ ಪಾರ್ಕ್‌ನಲ್ಲಿ ನೆಲೆಸಿತು. ಬಿಟ್ಟುಬಂದ ಬಯಲಿನಲ್ಲಿ ಲಿವರ್‌ಪೂಲ್ ತಂಡವು ಹುಟ್ಟಿತು. ಒಂದು ಉದ್ಯಾನದ ಆಚೆ-ಈಚೆ ಎರಡು ಮಹಾ ತಂಡಗಳು! ಗುಡಿಸನ್ನಿನ ಮೂಲೆಯಲ್ಲಿ, ಎರಡು ಗ್ಯಾಲರಿಗಳ ಸಂದಿನಲ್ಲಿ, ಸಂತ ಲ್ಯೂಕನ ಚರ್ಚು ನಿಂತಿದೆ. ಪಂದ್ಯದ ದಿನ ಅದರ ಸಭಾಂಗಣದಲ್ಲಿ ಚಹಾ ದೊರೆಯುತ್ತಿತ್ತು.

ಕಟ್ಟಡವು ಹಳತಾಗಿ, ಸುಮಾರು ೩೯,೦೦೦ ಜನರಿಗೆ ಸೀಮಿತವಾದಾಗ ಹೊಸ ನೆಲೆಯ ಶೋಧ ಮೊದಲಾಯಿತು. ನಗರದ ಎಲ್ಲೆಯಾಚೆ ಕರ್ಕ್‌ಬಿ ಎಂಬಲ್ಲಿ, ಒಂದು ದೊಡ್ಡ ಅಂಗಡಿ ಸಂಸ್ಥೆಯ ಸಹಯೋಗದೊಡನೆ, ಕ್ರೀಡಾಂಗಣ ಕಟ್ಟುವ ಯೋಜನೆ ಸಿದ್ಧವಾಯಿತು. ೨೦೦೭ರಲ್ಲಿ ಅಭಿಮಾನಿಗಳ ಮತ ಪಡೆದಾಗ ಬಹುಮತವು ಯೋಜನೆಯ ಕಡೆಗಿದ್ದರೂ ವಿರೋಧಿಗಳ ಸಂಖ್ಯೆ ಸಣ್ಣದಾಗಿರಲಿಲ್ಲ. ತಮ್ಮ ತಂಡವು ತಮ್ಮ ನಗರದಲ್ಲೇ ಇರಬೇಕೆಂದು ಅವರು ಹೋರಾಡಿದರು. ೨೦೦೯ರಲ್ಲಿ ಸರ್ಕಾರವು ಯೋಜನೆಯನ್ನು ತಿರಸ್ಕರಿಸಿತು.

ಕೊನೆಗೆ ಆರಿಸಿದುದು ಮರ್ಸಿ ನದಿಯ ದಂಡೆಯ ಬ್ರಾಮ್ಲಿ-ಮೂರ್ ಹಡಗುಕಟ್ಟೆಯನ್ನು. ಅದು ಗುಡಿಸನ್ನಿನಿಂದ ಸುಮಾರು ಮೂರು ಕಿಲೋಮೀಟರ್ ದೂರ. ನಗರದ ಒಳಗೇ ಇರುವ ಸ್ಥಳ. ಇದಕ್ಕೂ ಬೆಲೆ ತೆರಬೇಕಾಯಿತು. ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯು ಲಿವರ್‌ಪೂಲಿನ ಬಂದರು ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ತೆಗೆದುಹಾಕಿದಾಗ ನೀಡಿದ ಕಾರಣಗಳಲ್ಲಿ ಈ ಕ್ರೀಡಾಂಗಣವೂ ಒಂದಾಗಿತ್ತು. ೨೦೨೫ರ ಮೇ ೧೮ರಂದು ಗುಡಿಸನ್ನಿನಲ್ಲಿ ಪುರುಷರ ತಂಡದ ಕೊನೆಯ ಪಂದ್ಯ ನಡೆಯಿತು. ಆಗಸ್ಟ್ ೨೪ರಂದು ೫೨,೦೦೦ಕ್ಕೂ ಹೆಚ್ಚು ಜನರು ಹಿಡಿಯುವ ಹೊಸ ನೆಲೆಯಲ್ಲಿ ಮೊದಲ ಲೀಗ್ ಪಂದ್ಯ. ಹತ್ತಿರದ ರೈಲು ನಿಲ್ದಾಣವು ಚಿಕ್ಕದು. ವಾಹನ ನಿಲುಗಡೆಗೆ ನಿರ್ಬಂಧಗಳಿವೆ. ಹೀಗಾಗಿ ಬಹಳ ಜನರು ನಗರದ ನಡುವಿನಿಂದ ನಡೆದೇ ಹೋಗುತ್ತಾರೆ. ಹಡಗುಕಟ್ಟೆಯ ರಸ್ತೆಯ ಹಳೆಯ ಪಾನಗೃಹಗಳಿಗೆ ಮರುಜೀವ ಬಂದಿದೆ. ಇನ್ನೊಂದು ಮೆಚ್ಚತಕ್ಕ ಸಂಗತಿಯೆಂದರೆ ಗುಡಿಸನ್ನನ್ನು ಕೆಡವದೆ ಮಹಿಳೆಯರ ತಂಡಕ್ಕೆ ನೆಲೆಯಾಗಿ ಉಳಿಸಿಕೊಂಡುದು. ಬಿಟ್ಟುಹೋಗುವ ಸ್ಥಳಕ್ಕೂ ಒಂದು ಹೊಣೆಯಿದೆಯೆಂಬ ಅರಿವು ಇದರಲ್ಲಿ ಕಾಣುತ್ತದೆ.

೭. ದಾರಿಯೇ ಮೃತ್ಯುವಾದಾಗ

ಇದುವರೆಗೆ ಹೇಳಿದುದು ಅನುಕೂಲ ಮತ್ತು ಭಾವನೆಗಳ ಮಾತು. ನೆಲೆಯ ಪ್ರಶ್ನೆಯು ಪ್ರಾಣದ ಪ್ರಶ್ನೆಯೂ ಹೌದು. ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ೧೯೭೧ರ ಜನವರಿ ೨ರಂದು ರೇಂಜರ್ಸ್ ಮತ್ತು ಸೆಲ್ಟಿಕ್ ತಂಡಗಳ ಪಂದ್ಯ ಮುಗಿದು ಜನರು ಹೊರಡುತ್ತಿದ್ದಾಗ ೧೩ನೆಯ ಮೆಟ್ಟಿಲುಸಾಲಿನಲ್ಲಿ ಯಾರೋ ಮುಗ್ಗರಿಸಿದರು. ಹಿಂದಿನಿಂದ ಇಳಿಯುತ್ತಿದ್ದವರು ಅಲೆಯಂತೆ ಅವರ ಮೇಲೆ ಬಿದ್ದರು. ೬೬ ಜನರು ಸತ್ತರು. ಅವರಲ್ಲಿ ಹಲವರು ಎಳೆಯ ವಯಸ್ಸಿನವರು.

ಆ ಮೆಟ್ಟಿಲುಸಾಲಿನಲ್ಲೇ ಏಕೆ ಅಷ್ಟು ಜನ? ಏಕೆಂದರೆ ಅದು ಕೋಪ್‌ಲಂಡ್ ರೋಡ್ ಎಂಬ ಸುರಂಗ ರೈಲಿನ ನಿಲ್ದಾಣಕ್ಕೆ ಅತಿ ಸಮೀಪದ ಹೊರದಾರಿಯಾಗಿತ್ತು. ಬೇಗ ಮನೆ ಸೇರಬೇಕೆನ್ನುವವರೆಲ್ಲ ಅತ್ತಲೇ ತಿರುಗುತ್ತಿದ್ದರು. ೧೯೬೧ರಲ್ಲೇ ಅಲ್ಲಿ ಇಬ್ಬರು ಸತ್ತಿದ್ದರು. ಅನಂತರದ ವರ್ಷಗಳಲ್ಲೂ ಜನರು ಗಾಯಗೊಂಡಿದ್ದರು. ಎಚ್ಚರಿಕೆಗಳಿಗೆ ಕೊರತೆಯಿರಲಿಲ್ಲ. ಹೈಬರಿಯ ಭಾಗ್ಯವನ್ನು ತೆರೆದ ರೈಲು ನಿಲ್ದಾಣದ ಸಾಮೀಪ್ಯವೇ ಇಲ್ಲಿ, ದಾರಿಯ ಅಗಲವು ಜನರ ಹರಿವಿಗೆ ಸಾಲದಾದಾಗ, ಮೃತ್ಯುಮುಖವಾಯಿತು. ನಿಲ್ದಾಣವು ಹತ್ತಿರವಿದ್ದರೆ ಸಾಲದು. ಹತ್ತಿರವಿರುವ ಕಾರಣದಿಂದಲೇ ಅತ್ತ ನುಗ್ಗುವ ಜನರನ್ನು ದಾರಿಯು ತಾಳಿಕೊಳ್ಳಬೇಕು. ಒಳಬರುವಾಗ ಜನರು ಎರಡು ಗಂಟೆಗಳ ಕಾಲ ಬಿಡಿಬಿಡಿಯಾಗಿ ಬರುತ್ತಾರೆ. ಹೊರಡುವಾಗ ಎಲ್ಲರೂ ಒಂದೇ ಕಾಲದಲ್ಲಿ ಏಳುತ್ತಾರೆ. ಆದುದರಿಂದ ಕ್ರೀಡಾಂಗಣದ ಪರೀಕ್ಷೆ ನಡೆಯುವುದು ಪಂದ್ಯ ಮುಗಿದ ಮೇಲಿನ ಕಾಲುಗಂಟೆಯಲ್ಲಿ.

೮. ನಮ್ಮ ನಾಡಿನ ಎರಡು ನಗರಗಳು

ಭಾರತದಲ್ಲಿ ಕಾಲ್ಚೆಂಡಾಟದ ತವರೆನಿಸಿದ ಕೋಲ್ಕತ್ತದಲ್ಲಿ ಇದೇ ಪಾಠಗಳು ಬೇರೆ ವೇಷದಲ್ಲಿ ಕಾಣುತ್ತವೆ. ಅಲ್ಲಿಯ ಮೈದಾನವು ನಗರದ ಹೃದಯಭಾಗದಲ್ಲಿದೆ. ಕಛೇರಿ ಬಿಟ್ಟ ಗುಮಾಸ್ತನು ಕೊಡೆಯನ್ನು ಕಂಕುಳಲ್ಲಿಟ್ಟು ನೇರವಾಗಿ ನಡೆದು ಹೋಗಿ ಮಳೆಗಾಲದ ಸಂಜೆಯ ಪಂದ್ಯವನ್ನು ನೋಡಬಹುದಾಗಿತ್ತು. ೧೯೧೧ರ ಜುಲೈ ೨೯ರಂದು ಬರಿಗಾಲಿನ ಆಟಗಾರರೇ ಹೆಚ್ಚಾಗಿದ್ದ ಮೋಹನ್ ಬಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ೨–೧ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದುದು ಈ ಮೈದಾನದಲ್ಲೇ. ಅಂದು ಹಳ್ಳಿಪಟ್ಟಣಗಳಿಂದ ರೈಲಿನಲ್ಲೂ ದೋಣಿಯಲ್ಲೂ ಜನರು ಹರಿದು ಬಂದರೆಂದೂ, ಆಟ ಕಾಣದೆ ಹಿಂದೆ ನಿಂತವರಿಗೆ ಗಾಳಿಪಟ ಹಾರಿಸಿ ಗೋಲಿನ ಸುದ್ದಿ ತಿಳಿಸಿದರೆಂದೂ ಹೇಳುತ್ತಾರೆ.

ಮೈದಾನದ ಭೂಮಿಯು ಸೇನೆಯ ಅಧೀನದಲ್ಲಿರುವುದರಿಂದ ಅಲ್ಲಿ ಬೃಹತ್ತಾದ ಶಾಶ್ವತ ಕಟ್ಟಡಗಳಿಗೆ ಆಸ್ಪದವಿಲ್ಲ. ಹೀಗಾಗಿ ೧೯೮೪ರಲ್ಲಿ ನಗರದ ಪೂರ್ವದಂಚಿನ ಸಾಲ್ಟ್ ಲೇಕ್‌ನಲ್ಲಿ ಭವ್ಯವಾದ ಕ್ರೀಡಾಂಗಣವು ತೆರೆಯಿತು. ೧೯೯೭ರ ಜುಲೈ ೧೩ರಂದು ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ತಂಡಗಳ ಫೆಡರೇಷನ್ ಕಪ್ ಪಂದ್ಯಕ್ಕೆ ಅಲ್ಲಿ ೧,೩೧,೭೮೧ ಮಂದಿ ನೆರೆದರು. ಮೈದಾನದಲ್ಲಿ ಇಷ್ಟು ಜನಕ್ಕೆ ಆಸನವನ್ನು ಊಹಿಸಲೂ ಸಾಧ್ಯವಿರಲಿಲ್ಲ. ಆದರೆ ಕಛೇರಿಯಿಂದ ನಡೆದು ಹೋಗುವ ಸಂಜೆಯ ಆಟವು, ಬಸ್ಸನ್ನು ಹುಡುಕಿ ಹೋಗುವ ಯಾತ್ರೆಯಾಯಿತು. ದೊಡ್ಡ ಪಂದ್ಯಕ್ಕೆ ಜನರು ಎಷ್ಟು ದೂರವಾದರೂ ಹೋಗುತ್ತಾರೆ. ಸಣ್ಣ ಪಂದ್ಯಕ್ಕೆ ದಾರಿಯಲ್ಲಿ ಸಿಕ್ಕರೆ ಮಾತ್ರ ನಿಲ್ಲುತ್ತಾರೆ. ಆ ಕ್ರೀಡಾಂಗಣದ ಬಳಿಗೆ ಮೆಟ್ರೋ ರೈಲು ಬಂದುದು ೨೦೨೦ರ ಫೆಬ್ರವರಿಯಲ್ಲಿ. ಗಂಗೆಯಾಚೆಯ ಹೌರಾದಿಂದ ಅದೇ ಮಾರ್ಗವು ಪೂರ್ತಿಯಾಗಿ ಕೂಡಿದುದು ೨೦೨೫ರ ಆಗಸ್ಟಿನಲ್ಲಿ. ಕಟ್ಟಡಕ್ಕೂ ದಾರಿಗೂ ನಡುವೆ ನಾಲ್ಕು ದಶಕಗಳು ಸಂದವು!

ನಮ್ಮ ಬೆಂಗಳೂರಿನಲ್ಲಿ ೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡವು ಮೊದಲ ವರ್ಷ ಅಶೋಕನಗರದ ಚಿಕ್ಕ ಕಾಲ್ಚೆಂಡಿನ ಕ್ರೀಡಾಂಗಣದಲ್ಲಿ ಆಡಿ, ಆ ವರ್ಷವೇ ಐ-ಲೀಗನ್ನು ಗೆದ್ದಿತು. ೨೦೧೪ರಲ್ಲಿ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ಓಟದ ಪಥವಿರುವುದರಿಂದ ಆಟವು ತುಸು ದೂರವಾಯಿತಾದರೂ, ಎರಡೂ ಸ್ಥಳಗಳು ನಗರದ ನಡುವಿನಲ್ಲೇ ಇದ್ದುದರಿಂದ ಪ್ರೇಕ್ಷಕರ ಬಳಗವು ಒಡೆಯಲಿಲ್ಲ. ೨೦೧೬ರ ಏಪ್ರಿಲಿನಲ್ಲಿ ಕಬ್ಬನ್ ಉದ್ಯಾನದ ಕೆಳಗಿನ ಮೆಟ್ರೋ ಮಾರ್ಗವು ತೆರೆದ ಮೇಲೆ ದೂರದ ಬಡಾವಣೆಗಳವರಿಗೂ ದಾರಿ ಸುಗಮವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಎ.ಎಫ್.ಸಿ. ಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಮಲೇಷ್ಯದ ಜೊಹೋರ್ ತಂಡವನ್ನು ೩–೧ರಿಂದ ಸೋಲಿಸಿ ಅಂತಿಮ ಘಟ್ಟವನ್ನು ತಲುಪಿದುದು ಈ ಕಂಠೀರವದಲ್ಲೇ.

೯. ಉಪಸಂಹಾರ

ಈ ನಿದರ್ಶನಗಳಿಂದ ಹೊರಡುವ ತತ್ತ್ವಗಳನ್ನು ಸಂಗ್ರಹಿಸಿ ಹೇಳಬಹುದು. ಕ್ರೀಡಾಂಗಣದ ದೂರವೆಂದರೆ ಮೈಲಿಗಳ ಲೆಕ್ಕವಲ್ಲ. ಅಲ್ಲಿಗೆ ಹೋಗುವ ದಾರಿಯ ಸುಗಮತೆ. ಜನರ ಸಂಖ್ಯೆಯನ್ನು ತಂಡದ ಆಟ, ಕಟ್ಟಡದ ರಚನೆ, ದಾರಿಯ ಅನುಕೂಲ ಮೂರೂ ಕೂಡಿ ನಿರ್ಧರಿಸುತ್ತವೆ. ಜನರ ಅನುಭವವನ್ನಾದರೋ ನೆಲೆಯ ಸುತ್ತಣ ಬದುಕು ನಿರ್ಧರಿಸುತ್ತದೆ. ಮೊದಲನೆಯದು ಏರಿ ಎರಡನೆಯದು ಇಳಿಯುವುದೂ ಸಾಧ್ಯ. ಹೊರಡುವ ದಾರಿಯ ಅಗಲವು ಒಳಗಿನ ಆಸನಗಳಷ್ಟೇ ಮುಖ್ಯವಾದುದು. ಅದನ್ನು ಮರೆತವರು ಹೆಣಗಳನ್ನು ಎಣಿಸಬೇಕಾಗಿ ಬಂದಿದೆ.

ನಮ್ಮ ನಾಡಿನಲ್ಲಿ ಊರುಗಳು ಬೆಳೆಯುತ್ತಿವೆ. ಊರ ನಡುವಿನ ಬಯಲುಗಳಿಗೆ ಬೆಲೆ ಬಂದಿದೆ. "ಊರ ಹೊರಗೆ ಇದರ ಹತ್ತರಷ್ಟು ಭೂಮಿ ದೊರೆಯುತ್ತದೆ, ಆಟದ ಬಯಲನ್ನು ಅತ್ತ ಒಯ್ಯೋಣ" ಎಂಬ ಮಾತು ಊರೂರಿನಲ್ಲೂ ಕೇಳಿಬರುತ್ತಿದೆ. ಮಾತು ಸಂಪೂರ್ಣ ತಪ್ಪಲ್ಲ. ಮ್ಯೂನಿಕ್ ನಗರವು ಅದನ್ನು ಸಾಧಿಸಿ ತೋರಿಸಿದೆ. ಆದರೆ ಭೂಮಿಯನ್ನು ದಾನವಾಗ ಕೊಡುವ ಉದಾರಿಗಳೂ, ನಕ್ಷೆಯನ್ನು ಬರೆಯುವ ತಜ್ಞರೂ, ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ಅಧ್ಯಾಪಕರೂ ಅಡಿಗಲ್ಲನ್ನಿಡುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ವಾಹನವಿಲ್ಲದವನು ಇಲ್ಲಿಗೆ ಹೇಗೆ ಬರುತ್ತಾನೆ? ಆಟ ಮುಗಿದ ಕಾಲುಗಂಟೆಯಲ್ಲಿ ಎಲ್ಲರೂ ಯಾವ ದಾರಿಯಿಂದ ಹೊರಡುತ್ತಾರೆ? ನೆರೆಯವರಿಗೆ ಇದರಿಂದ ಆಗುವ ಲಾಭ-ತೊಂದರೆಗಳೇನು? ಬಿಟ್ಟುಹೋಗುವ ಹಳೆಯ ಬಯಲಿನ ಗತಿಯೇನು?

ಸಣ್ಣ ಪಂದ್ಯಗಳನ್ನು ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಕಂಡ ಹುಡುಗನೇ ನಾಳೆ ದೊಡ್ಡ ಪಂದ್ಯವನ್ನು ಹುಡುಕಿಕೊಂಡು ಹೋಗುವವನು. ಅವನು ಬೇಲಿಯ ಬಳಿ ನಿಂತು ನೋಡುವ ಹತ್ತು ನಿಮಿಷಗಳಿಗೆ ಟಿಕೆಟ್ಟಿಲ್ಲ. ಯಾವ ಲೆಕ್ಕದ ಪುಸ್ತಕದಲ್ಲೂ ಅದು ಕಾಣುವುದಿಲ್ಲ. ನೆಲೆಯನ್ನು ಆರಿಸುವವರು ಆ ಹುಡುಗನನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಉಳಿದ ಲೆಕ್ಕಗಳು ತಾವಾಗಿಯೇ ಸರಿಹೋಗುವುವು.